ವಾರಂಟಿ ಮುಗಿದರೆ ಹಕ್ಕೂ ಮುಗಿಯಿತೇ?

(ಸಂಘದ ಮಾಸಿಕ ಸಭೆಯಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಯ ಕೆಲಸ ಹತ್ತುವ ಮೊದಲು ಹೋಟೆಲಿನವನಿಗೆ ಸಿಗುವ ವಿರಾಮ ಎರಡು ಗಂಟೆ. ಆ ಎರಡು ಗಂಟೆಯನ್ನು ನಿದ್ದೆಗೆ ಕೊಡದೆ ನೀವು ಇಲ್ಲಿಗೆ ಬಂದಿದ್ದೀರಿ. ಗಿರಣಿಗಳಲ್ಲಿ ಆಯುಸ್ಸು ಸವೆಸಿದ ಹಿರಿಯರೂ ಚಾಳಿನ ಮೆಟ್ಟಿಲಿಳಿದು ಬಂದಿದ್ದಾರೆ. ಆದುದರಿಂದ ಪೀಠಿಕೆಯಲ್ಲಿ ಕಾಲ ಕಳೆಯದೆ ವಿಷಯಕ್ಕೆ ಬರುತ್ತೇವೆ.

ನಾವು ಪಗಾರದ ಬಗ್ಗೆ ಮಾತನಾಡುತ್ತೇವೆ, ಬೋನಸ್ಸಿನ ಬಗ್ಗೆ ಮಾತನಾಡುತ್ತೇವೆ, ರಜೆಯ ಬಗ್ಗೆ ಮಾತನಾಡುತ್ತೇವೆ. ದುಡಿದು ಪಡೆಯುವಾಗ ಆಗುವ ಅನ್ಯಾಯ ನಮ್ಮ ಕಣ್ಣಿಗೆ ಬೀಳುತ್ತದೆ. ಪಡೆದುದನ್ನು ಖರ್ಚು ಮಾಡುವಾಗ ಆಗುವ ಅನ್ಯಾಯ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ತಿಂಗಳ ಪಗಾರ ಕೊಟ್ಟು ತಂದ ಮೊಬೈಲು ಹದಿಮೂರನೆಯ ತಿಂಗಳಲ್ಲಿ ಕಣ್ಣು ಮುಚ್ಚಿದರೆ, "ನಮ್ಮ ಹಣೆಬರಹ" ಎಂದು ಅದನ್ನು ಟ್ರಂಕಿನಲ್ಲಿಟ್ಟು ಇನ್ನೊಂದಕ್ಕೆ ಕಂತು ಕಟ್ಟಲು ಹೊರಡುತ್ತೇವೆ. ಪಗಾರದಲ್ಲಿ ನೂರು ರೂಪಾಯಿ ಕಡಮೆಯಾದರೆ ಗಲ್ಲೆಯ ಮುಂದೆ ನಿಂತು ಕೇಳುವ ನಾವು, ಹದಿನೈದು ಸಾವಿರ ಮುಳುಗಿದಾಗ ಸುಮ್ಮನಿರುತ್ತೇವೆ. ಇದೇಕೆ ಹೀಗೆ? ಅಂಗಡಿಯವನು ಹೇಳುವ ಒಂದೇ ಮಾತನ್ನು ನಾವು ವೇದವಾಕ್ಯವೆಂದು ನಂಬಿರುವುದರಿಂದ. ಆ ಮಾತು, "ವಾರಂಟಿ ಮುಗಿದಿದೆ."

ಈ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ನಾವು ನಮ್ಮ ಸಂಘದ ಅನುಭವದಿಂದಲೇ ಕಲಿತೆವು. ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ವಾಚನಾಲಯಕ್ಕೆ ಒಂದು ಟೆಲಿವಿಷನ್ ಬೇಕೆಂದು ಸದಸ್ಯರಿಂದ ವಂತಿಗೆ ಎತ್ತಿದೆವು. ಐವತ್ತು ಕೊಟ್ಟವರಿದ್ದರು, ಇನ್ನೂರು ಕೊಟ್ಟವರಿದ್ದರು. 24,000 ರೂಪಾಯಿಗೆ ಖರೀದಿಸಿ ತಂದೆವು. ಹತ್ತನೆಯ ತಿಂಗಳಲ್ಲಿ ಪರದೆಯ ಮೇಲೆ ಒಂದು ಗೆರೆ ಬಂದು ಹೋಗತೊಡಗಿತು. ದೂರು ಕೊಟ್ಟೆವು. ಕಂಪೆನಿಯ ಮೆಕ್ಯಾನಿಕ್ ಬಂದು, ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿ, "ಸರಿಯಿದೆ" ಎಂದು ಒಂದು ಚೀಟಿ ಬರೆದುಕೊಟ್ಟು ಹೋದ. ವಾರಂಟಿ ಮುಗಿದು ಒಂದೂವರೆ ತಿಂಗಳಿಗೆ ಅರ್ಧ ಪರದೆ ಕಪ್ಪಾಯಿತು. ಈಗ ಬಂದ ಮೆಕ್ಯಾನಿಕ್, "ಪ್ಯಾನೆಲ್ ಹೋಗಿದೆ, 15,500 ರೂಪಾಯಿ, ಮಜೂರಿ ಬೇರೆ. ಇದಕ್ಕಿಂತ ಹೊಸದು ತೆಗೆದುಕೊಳ್ಳಿ" ಎಂದ.

ಸಮಿತಿಯ ಸಭೆಯಲ್ಲಿ ಹೆಚ್ಚಿನವರು, "ಹೋಗಲಿ ಬಿಡಿ, ವಾರಂಟಿ ಇಲ್ಲವಲ್ಲ" ಎಂದರು. ನಮ್ಮ ಕೋಶಾಧಿಕಾರಿಗಳು ಮಾತ್ರ ಒಪ್ಪಲಿಲ್ಲ. ಅವರು ಬಸ್ಸಿನ ಟಿಕೇಟನ್ನೂ ಫೈಲಿನಲ್ಲಿ ಅಂಟಿಸಿಡುವವರು. ಅದಕ್ಕಾಗಿ ನಾವು ಅವರನ್ನು ನಗೆಯಾಡಿದ್ದುಂಟು. ಆ ದಿನ ಅವರು ಫೈಲು ತೆರೆದು ಎರಡು ಕಾಗದ ಮೇಜಿನ ಮೇಲಿಟ್ಟರು. ಒಂದು ಖರೀದಿಯ ಬಿಲ್ಲು, ಇನ್ನೊಂದು ಹತ್ತನೆಯ ತಿಂಗಳ ಆ ಚೀಟಿ. "ರೋಗ ಕಾಣಿಸಿಕೊಂಡದ್ದು ವಾರಂಟಿಯ ಒಳಗೆ. ಔಷಧ ಕೊಡದೆ ಹೋದವನು ಅವನು. ಈಗ ನಾವೇಕೆ ಹಣ ಕೊಡಬೇಕು?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಕಂಪೆನಿಗೆ ಕಾಗದ ಬರೆದೆವು. ಉತ್ತರವಿಲ್ಲ. ಸರಕಾರದ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆವು. ಐದು ವಾರಗಳ ಮೇಲೆ ಕಂಪೆನಿಯವರೇ ಬಂದು ಪ್ಯಾನೆಲನ್ನು ಪುಕ್ಕಟೆ ಬದಲಿಸಿಕೊಟ್ಟರು. ಇಂದಿಗೂ ಅದೇ ಟೆಲಿವಿಷನ್ ಈ ಗೋಡೆಯ ಮೇಲಿದೆ.

ಇದೇ ಕಾಲದಲ್ಲಿ ನಮ್ಮ ಇನ್ನೊಬ್ಬ ಸದಸ್ಯರಿಗೆ ಆದದ್ದನ್ನೂ ಹೇಳಬೇಕು. ಅವರು ಊರಿನಿಂದ ಹೆಂಡತಿಯನ್ನು ಕರೆತಂದು ಹೊಸದಾಗಿ ಖೋಲಿ ಹೂಡಿದ್ದರು. ಮಿಕ್ಸರ್ ಕೊಳ್ಳುವಾಗ ಅಂಗಡಿಯವನು, "ಬಿಲ್ಲು ಬೇಡವಾದರೆ 400 ರೂಪಾಯಿ ಕಡಮೆ" ಎಂದ. ಇವರು ಬಿಲ್ಲು ಬೇಡವೆಂದರು. ಐದು ತಿಂಗಳಿಗೆ ಮೋಟಾರು ಸುಟ್ಟಿತು. ವಾರಂಟಿಯ ಕಾರ್ಡು ಇತ್ತು, ಅದರ ಮೇಲೆ ಅಂಗಡಿಯ ಮೊಹರೂ ಇಲ್ಲ, ತಾರೀಖೂ ಇಲ್ಲ. ಅಂಗಡಿಯವನು, "ನಮ್ಮಲ್ಲಿ ಕೊಂಡದ್ದೆಂದು ಯಾರು ಹೇಳಿದರು?" ಎಂದ. ವಾರಂಟಿ ಮುಗಿದ ನಮಗೆ ನ್ಯಾಯ ಸಿಕ್ಕಿತು, ವಾರಂಟಿ ಇದ್ದ ಅವರಿಗೆ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಒಂದು ತುಂಡು ಕಾಗದದಲ್ಲಿ.

ಬಂಧುಗಳೇ, ವಾರಂಟಿ ಎಂದರೇನು? ಇಷ್ಟು ದಿನದೊಳಗೆ ಕೆಟ್ಟರೆ ನಿಮ್ಮಿಂದ ಹಣ ಕೇಳದೆ ದುರಸ್ತಿ ಮಾಡುತ್ತೇವೆ ಎಂದು ಕಂಪೆನಿ ತಾನಾಗಿ ಕೊಟ್ಟ ಮಾತು. ಅವಧಿ ಮುಗಿದಾಗ ಆ ಮಾತು ಮುಗಿಯುತ್ತದೆ, ಇದು ನಿಜ. ಆದರೆ ಕಂಪೆನಿಯ ಮಾತು ಬೇರೆ, ದೇಶದ ಕಾನೂನು ಬೇರೆ. ಮಾರಿದ ವಸ್ತು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕೆಂಬ ತತ್ವ 1930ರ ಸರಕು ಮಾರಾಟ ಕಾಯಿದೆಯಲ್ಲಿಯೇ ಇದೆ. 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಗ್ರಾಹಕ ಸಂರಕ್ಷಣಾ ಕಾಯಿದೆ ಸಾಮಾನ್ಯನಿಗೂ ದೂರು ಕೊಡಲು ಒಂದು ಬಾಗಿಲು ತೆರೆಯಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ವಸ್ತುವಿನಲ್ಲಿ "ದೋಷ" ಇದ್ದರೆ ದೂರು ಕೊಡಬಹುದೆಂದು ಈ ಕಾಯಿದೆ ಹೇಳುತ್ತದೆ. ದೋಷವೆಂದರೆ ಗುಣಮಟ್ಟದಲ್ಲಿ ಇರುವ ಕೊರತೆ. "ವಾರಂಟಿಯ ಒಳಗೆ ಮಾತ್ರ" ಎಂಬ ಷರತ್ತನ್ನು ಅದು ಹಾಕಿಲ್ಲ. ಅದು ಹಾಕಿರುವ ಗಡುವು ಬೇರೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.

ಹಾಗೆಂದು ನಿಮಗೆ ಸುಳ್ಳು ಆಸೆ ಹುಟ್ಟಿಸುವುದು ನಮ್ಮ ಇಚ್ಛೆಯಲ್ಲ. ಆರು ವರ್ಷ ಹಗಲಿರುಳು ದುಡಿದ ಫ್ರಿಜ್ಜು ನಿಂತರೆ ಅದು ಸವೆತ, ದೋಷವಲ್ಲ. ನೀರಿಗೆ ಬಿದ್ದ ಮೊಬೈಲಿಗೆ ಕಂಪೆನಿ ಹೊಣೆಯಲ್ಲ. ವಾರಂಟಿ ಮುಗಿದ ಮೇಲೆ ನಾವು ಕೇಳುವುದಾದರೆ, ಕೊರತೆ ತಯಾರಿಕೆಯಲ್ಲಿಯೇ ಇತ್ತು, ನಮ್ಮ ಬಳಕೆಯಿಂದ ಬಂದದ್ದಲ್ಲ ಎಂದು ತೋರಿಸುವ ಭಾರ ನಮ್ಮ ಮೇಲೆ ಬೀಳುತ್ತದೆ. ಆ ಭಾರ ಹೊರಲು ಸಾಧ್ಯವಾಗುವ ಸಂದರ್ಭಗಳು ಯಾವುವು ಎಂಬುದನ್ನು ವಿವರಿಸುತ್ತೇವೆ.

ಮೊದಲನೆಯದು, ವಾರಂಟಿಯ ಒಳಗೇ ದೂರು ಕೊಟ್ಟಿದ್ದು, ಅದೇ ಕೊರತೆ ಮರುಕಳಿಸಿದಾಗ. ನಮ್ಮ ಟೆಲಿವಿಷನ್ನಿನ ಕಥೆ ಇದೇ. ದೂರಿನ ತಾರೀಖು ಮುಖ್ಯ. ಬಾಯಿ ಮಾತಿನ ದೂರು ದೂರಲ್ಲ. ಪ್ರತಿ ಬಾರಿಯೂ ಜಾಬ್ ಶೀಟು ಕೇಳಿ ಪಡೆಯಬೇಕು, ಏನು ಕೆಟ್ಟಿದೆ ಎಂಬುದನ್ನು ಅದರಲ್ಲಿ ಬರೆಸಬೇಕು. "ಸರಿಯಿದೆ" ಎಂದು ಅವನು ಬರೆದರೂ ನಷ್ಟವಿಲ್ಲ, ನೀವು ಕರೆದಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಎರಡನೆಯದು, ವಾರಂಟಿ ನಿಜವಾಗಿ ಮುಗಿದಿಲ್ಲದಿದ್ದಾಗ. ನಗಬೇಡಿ. ಅನೇಕ ಫ್ರಿಜ್ಜುಗಳಿಗೆ ಇಡೀ ಯಂತ್ರಕ್ಕೆ ಒಂದು ವರ್ಷದ ವಾರಂಟಿ, ಆದರೆ ಕಂಪ್ರೆಸರಿಗೆ ಹತ್ತು ವರ್ಷದವರೆಗೂ ಇರುತ್ತದೆ. ವಾಷಿಂಗ್ ಮಷೀನಿನ ಮೋಟಾರಿಗೂ ಹೀಗೆಯೇ ಬೇರೆ ಅವಧಿ ಇರುವುದುಂಟು. "ವಾರಂಟಿ ಮುಗಿದಿದೆ" ಎಂದಾಗ ಯಾವ ಭಾಗದ್ದು ಎಂದು ಕೇಳಿ. ಹಾಗೆಯೇ ಗ್ಯಾಸು ತುಂಬುವುದು, ಮಜೂರಿ, ಬಂದು ನೋಡುವ ಫೀಜು ಇವು ಹಲವು ವೇಳೆ ಕಂಪ್ರೆಸರಿನ ವಾರಂಟಿಗೆ ಸೇರಿರುವುದಿಲ್ಲ. ಕಾರ್ಡಿನ ಸಣ್ಣ ಅಕ್ಷರಗಳನ್ನು ಕೊಳ್ಳುವ ದಿನವೇ ಓದಿ. ಓದಲು ಬಾರದಿದ್ದರೆ ಸಂಘಕ್ಕೆ ತನ್ನಿ, ನಾವು ಓದಿ ಹೇಳುತ್ತೇವೆ.

ಮೂರನೆಯದು, ಹಣ ಕೊಟ್ಟು ಮಾಡಿಸಿದ ದುರಸ್ತಿ ಮತ್ತೆ ಕೆಟ್ಟಾಗ. ಇದನ್ನು ನಮ್ಮವರು ಬಹಳ ಮಂದಿ ಅರಿಯರು. ವಸ್ತುವಿನ ವಾರಂಟಿ ಮುಗಿದಿರಬಹುದು. ನೀವು ಇಂದು 3,000 ರೂಪಾಯಿ ಕೊಟ್ಟು ದುರಸ್ತಿ ಮಾಡಿಸಿದರೆ ಅದು ಒಂದು ಹೊಸ ವ್ಯವಹಾರ. ಅದು ಹಣಕ್ಕೆ ಪಡೆದ ಸೇವೆ. ಸೇವೆಯಲ್ಲಿ ಕೊರತೆಯಾದರೂ ಕಾನೂನಿನಲ್ಲಿ ದೂರಿಗೆ ಅವಕಾಶವಿದೆ. ಯಾವ ಭಾಗ ಬದಲಿಸಿದರು, ಅದಕ್ಕೆ ಎಷ್ಟು, ಮಜೂರಿ ಎಷ್ಟು ಎಂದು ರಸೀತಿಯಲ್ಲಿ ಬರೆಸಿ. ತೆಗೆದ ಹಳೆಯ ಭಾಗವನ್ನು ಕೇಳಿ ನೋಡಿ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ಕೆಟ್ಟ ವಸ್ತುವಿನಿಂದ ಮೈಗೆ ಗಾಯವಾದರೆ, ಮನೆಗೆ ಬೆಂಕಿ ತಗಲಿದರೆ ಅದು ಬರೀ ದುರಸ್ತಿಯ ಪ್ರಶ್ನೆಯಲ್ಲ. ಹತ್ತು ಜನ ಒಂದೇ ಖೋಲಿಯಲ್ಲಿ ಮಲಗುವ ನಮ್ಮಲ್ಲಿ, ಒಂದೇ ಪ್ಲಗ್ಗಿಗೆ ನಾಲ್ಕು ಚಾರ್ಜರು ಸಿಕ್ಕಿಸಿ ತಲೆದಿಂಬಿನ ಬಳಿ ಮೊಬೈಲು ಇಟ್ಟು ಮಲಗುವ ನಮ್ಮಲ್ಲಿ, ಇದು ದೂರದ ಮಾತಲ್ಲ. 2019ರ ಕಾಯಿದೆಯಲ್ಲಿ "ಉತ್ಪನ್ನ ಹೊಣೆಗಾರಿಕೆ" ಎಂಬ ಹೊಸ ಅಧ್ಯಾಯವನ್ನೇ ಸೇರಿಸಿದ್ದಾರೆ. ದೋಷವುಳ್ಳ ವಸ್ತುವಿನಿಂದ ಹಾನಿಯಾದರೆ, ತಾನು ಅಲಕ್ಷ್ಯ ಮಾಡಲಿಲ್ಲವೆಂದು ತೋರಿಸಿದ ಮಾತ್ರಕ್ಕೆ ತಯಾರಕನು ಪಾರಾಗಲಾರನು. ಆದರೆ ವಸ್ತುವನ್ನು ನೀವು ಅಡ್ಡಾದಿಡ್ಡಿ ಬಳಸಿದ್ದರೆ, ಮಾರ್ಪಡಿಸಿದ್ದರೆ ಅವನಿಗೆ ತಪ್ಪಿಸಿಕೊಳ್ಳಲು ದಾರಿಯುಂಟು. ಆದುದರಿಂದ ದೂರು ಕೊಡುವ ಮೊದಲು ಬೀದಿಯ ರಿಪೇರಿಯವನಿಂದ ಬಿಚ್ಚಿಸಬೇಡಿ. ಸುಟ್ಟ ಚಾರ್ಜರನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಅದು ನಿಮ್ಮ ಸಾಕ್ಷಿ. ಮೊಬೈಲು, ಚಾರ್ಜರು, ಪವರ್ ಬ್ಯಾಂಕು ಇವುಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಕೊಳ್ಳುವಾಗಲೇ ನೋಡಿ. ಪುಟ್‌ಪಾತಿನಲ್ಲಿ 80 ರೂಪಾಯಿಗೆ ಸಿಗುವ ಚಾರ್ಜರಿನಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ಇನ್ನು ದೂರು ಕೊಡುವ ದಾರಿ. ನಮ್ಮ ಜನಕ್ಕೆ ಕೋರ್ಟು ಎಂದರೆ ಕರಿಯ ಕೋಟು, ವಕೀಲರ ಫೀಜು, ರಜೆಯ ಪಗಾರ ಕಡಿತ ಇವು ಕಣ್ಣ ಮುಂದೆ ಬರುತ್ತವೆ. ಹೆದರಬೇಕಾಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹತ್ತೋಣ.

ಮೊದಲ ಮೆಟ್ಟಿಲು ಕಾಗದ. ಅಂಗಡಿಗೂ ಕಂಪೆನಿಗೂ ಬರೆಯಿರಿ. ಪೊಟ್ಟಣದ ಮೇಲೆ ಗ್ರಾಹಕರ ದೂರಿಗಾಗಿ ವಿಳಾಸ, ದೂರವಾಣಿ ಅಚ್ಚಾಗಿರಬೇಕೆಂದು ನಿಯಮವೇ ಇದೆ. ಕಾಗದ ಉದ್ದವಾಗಬೇಕಾಗಿಲ್ಲ. "ಇಂಥ ತಾರೀಖಿಗೆ ಇಂಥ ವಸ್ತುವನ್ನು ಇಷ್ಟು ಹಣಕ್ಕೆ ಕೊಂಡೆ. ಇಂಥ ದಿನ ಹೀಗೆ ಕೆಟ್ಟಿತು. ಹಿಂದೆ ಇಂಥ ದಿನ ದೂರು ಕೊಟ್ಟಿದ್ದೆ. 15 ದಿನದೊಳಗೆ ಸರಿಪಡಿಸಿ ಕೊಡಿ, ಇಲ್ಲವೆ ಬದಲಿಸಿ ಕೊಡಿ." ಇಷ್ಟು ಸಾಕು. ಬೈಗುಳ ಬೇಡ, ಅಳುವೂ ಬೇಡ. ಸ್ಪೀಡ್ ಪೋಸ್ಟಿನಲ್ಲಿಯೋ ಇಮೇಲಿನಲ್ಲಿಯೋ ಕಳುಹಿಸಿ, ಪ್ರತಿ ಇಟ್ಟುಕೊಳ್ಳಿ.

ಎರಡನೆಯ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸಂಖ್ಯೆ 1915. ಕರೆಗೆ ಹಣವಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಇದು ನ್ಯಾಯಾಲಯವಲ್ಲ. ನಿಮ್ಮ ದೂರನ್ನು ಕಂಪೆನಿಗೆ ಮುಟ್ಟಿಸಿ ರಾಜಿ ಮಾಡಿಸಲು ನೋಡುವ ವ್ಯವಸ್ಥೆ. ಕಂಪೆನಿ ಒಪ್ಪದಿದ್ದರೆ ಬಲವಂತ ಮಾಡುವ ಅಧಿಕಾರ ಅದಕ್ಕಿಲ್ಲ. ಆದರೂ ನಮ್ಮ ಕಾಗದಕ್ಕೆ ಉತ್ತರ ಕೊಡದ ಕಂಪೆನಿ ಅದರ ಮಾತಿಗೆ ಉತ್ತರ ಕೊಟ್ಟದ್ದನ್ನು ನಾವು ಕಂಡಿದ್ದೇವೆ.

ಮೂರನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದಾಖಲು ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ನಿಂತು ಹೇಳಬಹುದು. 2025ರಿಂದ ಇ-ಜಾಗೃತಿ ಎಂಬ ಸರಕಾರದ ತಾಣದ ಮೂಲಕ ಮೊಬೈಲಿನಿಂದಲೇ ದೂರು ಸಲ್ಲಿಸಬಹುದು. ವೀಡಿಯೋ ಮೂಲಕ ವಿಚಾರಣೆಗೂ ಕಾನೂನಿನಲ್ಲಿ ಅವಕಾಶವಿದೆ. ದೋಷವೇ ವಿವಾದವಾದರೆ ಆಯೋಗ ವಸ್ತುವನ್ನು ಪರೀಕ್ಷಾಲಯಕ್ಕೆ ಕಳುಹಿಸಬಹುದು, ಅದರ ಶುಲ್ಕವನ್ನು ಮೊದಲು ದೂರುದಾರನು ಕಟ್ಟಬೇಕಾಗುತ್ತದೆ. ಗೆದ್ದರೆ ಆಯೋಗವು ದೋಷ ಸರಿಪಡಿಸಲು, ವಸ್ತು ಬದಲಿಸಲು, ಬಡ್ಡಿಯೊಡನೆ ಹಣ ಹಿಂದಿರುಗಿಸಲು, ಪರಿಹಾರ ಕೊಡಲು ಆಜ್ಞೆ ಮಾಡಬಹುದು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಪು ಕೊಡಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು. ತಾಳ್ಮೆ ಬೇಕು.

ಪರವೂರಿನಲ್ಲಿ ದುಡಿಯುವ ನಮಗೆ ಹೊಸ ಕಾಯಿದೆಯಲ್ಲಿ ಒಂದು ದೊಡ್ಡ ಉಪಕಾರವಿದೆ. ಹಿಂದೆ ಎದುರು ಪಕ್ಷದವರು ವ್ಯವಹಾರ ನಡೆಸುವ ಕಡೆ, ಇಲ್ಲವೆ ವಿವಾದ ಹುಟ್ಟಿದ ಕಡೆ ದೂರು ಕೊಡಬೇಕಾಗಿತ್ತು. ಈಗ ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ಕೊಡಬಹುದು. ಊರಿಗೆ ಹೋದಾಗ ಉಡುಪಿಯ ಅಂಗಡಿಯಲ್ಲಿ ಕೊಂಡ ಮೊಬೈಲು ಕೆಟ್ಟರೆ ಅದಕ್ಕಾಗಿ ರಜೆ ಹಾಕಿ ಘಟ್ಟ ಇಳಿಯಬೇಕಾಗಿಲ್ಲ. ಮುಂಬಯಿಯಲ್ಲಿಯೇ ಕೇಳಬಹುದು.

ಸಣ್ಣದಾಗಿ ಸ್ವಂತ ಅಂಗಡಿ ಇಟ್ಟವರೂ ನಮ್ಮಲ್ಲಿದ್ದಾರೆ. ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಕೇವಲ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ಅವನೂ ಗ್ರಾಹಕನೇ. ಗಂಡಹೆಂಡಿರು ನಡೆಸುವ ಚಹದಂಗಡಿಯ ಫ್ರಿಜ್ಜಿಗೂ ಈ ರಕ್ಷಣೆ ಸಿಗಬಹುದು. ವಕೀಲರೇ ಬೇಕೆನಿಸಿದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಪುಕ್ಕಟೆ ಕಾನೂನು ನೆರವಿನ ಹಕ್ಕಿದೆ.

ಎರಡು ವರ್ಷದ ಗಡುವಿನ ಬಗ್ಗೆ ಮತ್ತೊಮ್ಮೆ ಎಚ್ಚರಿಸುತ್ತೇವೆ. ಕಾರಣ ಹುಟ್ಟಿದ ದಿನ ಯಾವುದೆಂಬುದಕ್ಕೇ ಎದುರು ಪಕ್ಷ ತಕರಾರು ತೆಗೆಯಬಹುದು. ಕಾಗದದ ಮೇಲೆ ಕಾಗದ ಬರೆದ ಮಾತ್ರಕ್ಕೆ ಗಡುವು ಮುಂದೆ ಹೋಗುವುದಿಲ್ಲ. "ಬರುವ ವಾರ ನೋಡೋಣ" ಎಂದು ಕಂಪೆನಿ ಹೇಳುತ್ತಲೇ ಇರುತ್ತದೆ, ನಿಮ್ಮ ದಿನಗಳು ಕರಗುತ್ತಲೇ ಇರುತ್ತವೆ. ವಸ್ತು ಕೆಟ್ಟ ತಿಂಗಳಲ್ಲಿಯೇ ಎದ್ದು ನಿಲ್ಲಿ.

ಬಿಲ್ಲಿನ ವಿಷಯದಲ್ಲಿಯೂ ಒಂದು ಮಾತು. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯಿದೆಯಲ್ಲಿಯೇ ಬರೆದಿದೆ. ಅದನ್ನು ಕೇಳುವುದು ಭಿಕ್ಷೆಯಲ್ಲ. ಬಿಸಿಲಿಗೆ ಬಿಲ್ಲಿನ ಅಕ್ಷರ ಮಾಸುತ್ತದೆ. ಮನೆಗೆ ಬಂದ ದಿನವೇ ಅದರ ಫೋಟೋ ತೆಗೆದು ಇಟ್ಟುಕೊಳ್ಳಿ.

ಈ ಹಕ್ಕುಗಳು ಆಕಾಶದಿಂದ ಉದುರಿದವಲ್ಲ. ಇದೇ ಮುಂಬಯಿ ನಗರದಲ್ಲಿ 1966ರಲ್ಲಿ ಒಂಬತ್ತು ಮಂದಿ ಮಹಿಳೆಯರು ಸೇರಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯನ್ನು ಕಟ್ಟಿದರು. 1975ರಲ್ಲಿ ಮುಂಬಯಿ ಗ್ರಾಹಕ ಪಂಚಾಯತ್ ಹುಟ್ಟಿತು. ಆಗ ಇಂಥ ಕಾಯಿದೆ ಇರಲಿಲ್ಲ. ಕೇಳುವ ಜನ ಮೊದಲು ಬಂದರು, ಕಾಯಿದೆ ಆಮೇಲೆ ಬಂತು. ಗಿರಣಿಯ ಹಿರಿಯರಿಗೆ ಈ ಮಾತು ಹೊಸದಲ್ಲ. ಒಬ್ಬನು ಕೇಳಿದರೆ ಅದು ಗೊಣಗಾಟ, ಹತ್ತು ಜನ ಕೇಳಿದರೆ ಅದು ಬೇಡಿಕೆ ಎಂಬುದನ್ನು ಅವರು ನಮಗೆ ಕಲಿಸಿದ್ದಾರೆ.

ಆದುದರಿಂದ ಸಮಿತಿಯು ಒಂದು ನಿರ್ಧಾರ ಮಾಡಿದೆ. ಬರುವ ತಿಂಗಳಿನಿಂದ ಪ್ರತಿ ಎರಡನೆಯ ಮತ್ತು ನಾಲ್ಕನೆಯ ಭಾನುವಾರ, ಇದೇ ಮಧ್ಯಾಹ್ನದ ಹೊತ್ತಿನಲ್ಲಿ, ವಾಚನಾಲಯದಲ್ಲಿ ಇಬ್ಬರು ಕುಳಿತಿರುತ್ತಾರೆ. ಬಿಲ್ಲು, ಕಾರ್ಡು, ಜಾಬ್ ಶೀಟು ಹಿಡಿದು ಬನ್ನಿ. ಕಾಗದ ಬರೆದುಕೊಡುತ್ತೇವೆ, 1915ಕ್ಕೆ ಜೊತೆಯಲ್ಲಿ ಕುಳಿತು ಕರೆ ಮಾಡುತ್ತೇವೆ. ಮಿಕ್ಸರ್ ಕಳೆದುಕೊಂಡ ನಮ್ಮ ಸದಸ್ಯರೇ ಆ ಇಬ್ಬರಲ್ಲಿ ಒಬ್ಬರು. "ನನಗಾದದ್ದು ಇನ್ನೊಬ್ಬನಿಗೆ ಆಗಬಾರದು" ಎಂದು ಅವರೇ ಮುಂದೆ ಬಂದಿದ್ದಾರೆ.

ನಮ್ಮಲ್ಲಿ ಅನೇಕರು ಹಗಲು ಟೇಬಲು ಒರಸಿ, ಇರುಳು ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರು. ಆ ಅಕ್ಷರದಿಂದ ಊರಿಗೆ ಕಾಗದ ಬರೆದೆವು, ಮನಿಯಾರ್ಡರು ಕಳುಹಿಸಿದೆವು. ಇನ್ನು ಮುಂದೆ ಅದೇ ಅಕ್ಷರದಿಂದ ನಮ್ಮ ದುಡ್ಡಿನ ಲೆಕ್ಕವನ್ನೂ ಕೇಳೋಣ. ಅಂಗಡಿಯವನು "ವಾರಂಟಿ ಮುಗಿದಿದೆ" ಎಂದಾಗ ಸುಮ್ಮನೆ ಹಿಂದಿರುಗದೆ, "ಹಾಗೆಂದು ಬರೆದುಕೊಡಿ" ಎಂದು ಕೇಳೋಣ. ಅಲ್ಲಿಂದ ನಮ್ಮ ಕೆಲಸ ಆರಂಭವಾಗುತ್ತದೆ.

ಸಂಜೆಯ ಪಾಳಿಗೆ ಹೊತ್ತಾಯಿತು. ಇಷ್ಟು ಹೇಳಿ, ನಿಮ್ಮ ಪ್ರಶ್ನೆಗಳಿಗೆ ಕಾದಿದ್ದೇವೆ.